ಹಿಂದಿರುಗಿ ಬಂದ ಕರೆ

ಚಂದಾಪುರದ ಸರ್ಕಲ್ಲಿನಿಂದ ಆನೇಕಲ್ ರಸ್ತೆಗೆ ತಿರುಗಿದರೆ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ ‘ಹೊಸ್ತಿಲು’ ಎಂಬ ಮಹಿಳಾ ಸಹಾಯವಾಣಿ ಇತ್ತು. ಸಹಾಯವಾಣಿ ಎಂದರೆ ಒಂದು ಹಳೇ ಮೊಬೈಲು, ಅದನ್ನು ಎತ್ತುವ ಮಹಾದೇವಿ, ಅಷ್ಟೇ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಗಾರ್ಮೆಂಟ್ಸ್‌ಗಳಲ್ಲಿ ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಆ ನಂಬರಿನ ಚೀಟಿ ಅಂಟಿಸಿದ್ದರು. ಹೊಡೆತ ತಿಂದವರು, ಸೂಪರ್‌ವೈಸರನ ಕಾಟ ತಾಳಲಾರದವರು, ಸುಮ್ಮನೆ ಅಳಬೇಕೆನಿಸಿದವರು ಅಲ್ಲಿಂದಲೇ ಫೋನು ಮಾಡುತ್ತಿದ್ದರು.

ಮಹಾದೇವಿ ತಾನೂ ಹದಿನಾರು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವಳು. ಫೋನು ಎತ್ತಿದರೆ ‘ಹಲೋ’ ಎಂದು ಮಾತ್ರ ಹೇಳಿ ಸುಮ್ಮನಾಗುತ್ತಿದ್ದಳು. ಆ ಕಡೆ ಹೆಣ್ಣು ದನಿ ಬಂದರೆ ಮಾತು ಮುಂದುವರಿಯುತ್ತಿತ್ತು. ಗಂಡು ದನಿ ಬಂದರೆ, “ಯಾರ್ ಬೇಕಿತ್ತಣ್ಣ? ಬ್ಲೌಸಿಗೆ ಕೊಟ್ಟಿದ್ರಾ?” ಎಂದು ಕೇಳುತ್ತಿದ್ದಳು. ಆ ನಂಬರನ್ನು ಎಷ್ಟೋ ಹೆಂಗಸರು ತಮ್ಮ ಫೋನಿನಲ್ಲಿ ‘ಟೇಲರ್ ಅಕ್ಕ’ ಎಂದೇ ಬರೆದಿಟ್ಟುಕೊಂಡಿದ್ದರು. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ ನಿಯಮವಲ್ಲ. ಹೇಗೋ ರೂಢಿಯಾಗಿತ್ತು.

ಕೇಂದ್ರ ನಡೆಸುತ್ತಿದ್ದವರು ಶಿವಲಿಂಗಮ್ಮ. ಕೊಟ್ಟೂರಿನ ಕಡೆಯವರು, ಬ್ಯಾಂಕಿನ ಕೆಲಸ ಬಿಟ್ಟು ಇದಕ್ಕೆ ಇಳಿದವರು. ಅವರ ದೊಡ್ಡ ಸಂಕಟವೆಂದರೆ ಆ ಒಂದೇ ಮೊಬೈಲು. ಒಬ್ಬಳ ಕಷ್ಟ ಕೇಳುವಷ್ಟರಲ್ಲಿ ನಾಲ್ಕು ಜನಕ್ಕೆ ‘ಬಿಝಿ’ ಎಂದು ಬಂದಿರುತ್ತಿತ್ತು. ಬೇಸಿಗೆಯಲ್ಲಿ ಒಬ್ಬ ಹುಡುಗಿ ಮಧ್ಯಾಹ್ನವಿಡೀ ಪ್ರಯತ್ನಿಸಿ, ಲೈನು ಸಿಗದೆ, ಹಾಸ್ಟೆಲಿನ ಟೆರೇಸಿನಿಂದ ಹಾರಿಬಿಟ್ಟಿದ್ದಳು. ಬದುಕಿಕೊಂಡಳು, ಆದರೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವಳನ್ನು ನೋಡಿಕೊಂಡು ಬಂದ ದಿನ ಶಿವಲಿಂಗಮ್ಮ ಊಟ ಮಾಡಲಿಲ್ಲ.

“ಯಾಮಿನಿ, ಇದಕ್ಕೊಂದು ದಾರಿ ಮಾಡವ್ವ. ನಿನಗ ಗೊತ್ತಿರೋ ವಿದ್ಯಾ ಅಲ್ಲೇನು ಇದು?” ಎಂದು ಕೇಳಿದರು.

ಯಾಮಿನಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ನೆಟ್‌ವರ್ಕ್ ವಿಭಾಗದಲ್ಲಿದ್ದಳು. ಶನಿವಾರ ಶನಿವಾರ ಕೇಂದ್ರಕ್ಕೆ ಬಂದು ಕಂಪ್ಯೂಟರಿನ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಿದ್ದಳು. ಹುಡುಗಿ ಹಾರಿದ ಸುದ್ದಿ ಕೇಳಿ ಅವಳಿಗೂ ನಿದ್ದೆ ಬಂದಿರಲಿಲ್ಲ. ತನ್ನ ಕಂಪನಿಯ ಸಮಾಜಸೇವಾ ನಿಧಿಯವರ ಹಿಂದೆ ಬಿದ್ದು ಒಪ್ಪಿಸಿದಳು. ಆಗಬೇಕಾದದ್ದು ಇಷ್ಟು: ಮೂರು ಮೇಜು, ಮೂರು ಫೋನು, ಅವುಗಳನ್ನು ಜೋಡಿಸುವ ಆಫೀಸ್ ಎಕ್ಸ್‌ಚೇಂಜು. ಆ ಕಟ್ಟಡಕ್ಕೆ ಲ್ಯಾಂಡ್‌ಲೈನ್ ಇರಲಿಲ್ಲ. ಆದ್ದರಿಂದ ಎಕ್ಸ್‌ಚೇಂಜಿಗೂ ಮೊಬೈಲ್ ನೆಟ್‌ವರ್ಕಿಗೂ ನಡುವೆ ಸೇತುವೆಯಂತೆ ಕೂರುವ ಒಂದು ಪೆಟ್ಟಿಗೆ ಬೇಕು. ಅದಕ್ಕೆ ನಾಲ್ಕು ಸಿಮ್ ಹಾಕಿದರೆ ಏಕಕಾಲಕ್ಕೆ ನಾಲ್ಕು ಕರೆ. ಗೇಟ್‌ವೇ ಎನ್ನುತ್ತಾರೆ.

ಎರಡು ಶನಿವಾರ ಅವಳು ಕೈಯಲ್ಲಿ ಫೋನು ಹಿಡಿದು ಕೇಂದ್ರದ ಮೂಲೆಮೂಲೆ ಸುತ್ತಿ ಯಾವ ಕಂಪನಿಯ ಸಿಗ್ನಲ್ ಎಲ್ಲಿ ಸಿಗುತ್ತದೆಂದು ನೋಡಿದಳು. ಕೆಳಗಿನ ಅಂಗಡಿಯ ಕಬ್ಬಿಣದ ರಾಶಿಗೋ ಏನೋ, ಒಳಗೆ ಸಿಗ್ನಲ್ ಸಾಯುತ್ತಿತ್ತು. ನೀರಿನ ಟ್ಯಾಂಕಿನ ಪಕ್ಕ ಆಂಟೆನಾ ಹಾಕಿಸುವುದೆಂದು ತೀರ್ಮಾನಿಸಿದಳು. ಮೂರನೆಯ ಶನಿವಾರ ಪೀಣ್ಯಕ್ಕೆ ಹೋದಳು. ಅಲ್ಲಿ ಈರೇಶ್ ಎಂಬ ವ್ಯಾಪಾರಿ ಇಂಥ ಸಾಮಾನು ಮಾರುತ್ತಿದ್ದ. ಮೊದಲು ತೋರಿಸಿದ ಅಗ್ಗದ ಪೆಟ್ಟಿಗೆ ಹಳೆಯ ನೆಟ್‌ವರ್ಕಿಗೆ ಮಾತ್ರ ಆಗುವಂಥದ್ದು. ಯಾಮಿನಿ ಅದನ್ನು ಮುಟ್ಟಲೂ ಇಲ್ಲ. ಉಳಿದದ್ದು ಎರಡು. ಒಂದು ದಪ್ಪನೆಯದು, ಗಟ್ಟಿಮುಟ್ಟಾದದ್ದು, ಸರ್ವಿಸ್ ಸೆಂಟರು ಎರಡು ಬೀದಿ ಆಚೆಗೇ ಇತ್ತು. ಇನ್ನೊಂದು ಹೊರದೇಶದ್ದು, ತೆಳ್ಳಗೆ ಚೆಂದವಾಗಿತ್ತು.

“ಮೇಡಂ, ಇದ್ರಲ್ಲಿ ಒಂದು ಎಕ್ಸ್‌ಟ್ರಾ ಇದೆ,” ಎಂದ ಈರೇಶ್, ತೆಳ್ಳನೆಯದನ್ನು ಮುಂದೆ ತಳ್ಳಿ. “ನಿಮ್ ಆಫೀಸಿಂದ ಯಾರಿಗೋ ಕಾಲ್ ಹೋಯ್ತು, ಅವ್ರು ಎತ್ಲಿಲ್ಲ ಅನ್ಕೊಳಿ. ಆಮೇಲೆ ಅವ್ರು ವಾಪಸ್ ಮಾಡಿದ್ರೆ ವೆಲ್‌ಕಮ್ ರೆಕಾರ್ಡಿಂಗು ಗಿಕಾರ್ಡಿಂಗು ಏನೂ ಇಲ್ದೆ ಸೀದಾ ನಿಮ್ಮಲ್ಲಿ ಕಾಲ್ ಮಾಡಿದ್ದೋರ ಟೇಬಲ್ಲಿಗೇ ಹೋಗತ್ತೆ. ಸೇಲ್ಸ್ ಟೀಮ್‌ನೋರು ಇದನ್ನೇ ಕೇಳಿ ತಗೋತಾರೆ.”

“ನಮ್ದು ಸೇಲ್ಸ್ ಅಲ್ವಲ್ಲ,” ಎಂದು ಯಾಮಿನಿ ನಕ್ಕಳು. “ಕೆಟ್ರೆ ರಿಪೇರಿ?”

“ವಾಪಸ್ ಫಾರಿನ್ನಿಗೆ ಕಳಿಸ್ಬೇಕು. ತಿಂಗಳು ಹಿಡಿಯತ್ತೆ.”

ಮನೆಯಲ್ಲಿ ತಂದೆ ಪುಟ್ಟಣ್ಣನವರೊಡನೆ ಮಾತಾಡಿದಳು. ಅವರು ದೂರವಾಣಿನಗರದ ಕಾರ್ಖಾನೆಯಲ್ಲಿ ಎಕ್ಸ್‌ಚೇಂಜುಗಳನ್ನು ಜೋಡಿಸಿ ನಿವೃತ್ತರಾದವರು. ಮಗಳ ಕೈಯಲ್ಲಿ ಎಕ್ಸ್‌ಚೇಂಜಿನ ಕೆಲಸ ಕಂಡು ಅವರಿಗೆ ಖುಷಿ. “ಫೀಚರು ನೂರು ಹೇಳ್ತಾರಮ್ಮ. ಕೆಟ್ಟಾಗ ಬಿಚ್ಚೋನು ಊರಲ್ಲಿದ್ದಾನಾ ನೋಡು. ತಿಂಗಳುಗಟ್ಟಲೆ ಫೋನ್ ಸತ್ತುಬಿದ್ರೆ ಆ ಹೆಣ್ಮಕ್ಕಳ ಗತಿಯೇನು?” ಎಂದರು. ಮಾತು ಸರಿಯಾಗಿತ್ತು. ಯಾಮಿನಿ ದಪ್ಪನೆಯ ಪೆಟ್ಟಿಗೆಯನ್ನೇ ಆರಿಸಿದಳು.

ಕರೆ ಬಂದಾಗ ಮೊದಲು ಕೇಳಿಸುವ ಸಂದೇಶವನ್ನು ಶಿವಲಿಂಗಮ್ಮ ಬರೆದುಕೊಟ್ಟರು. ಯಾಮಿನಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಫ್ಯಾನು ನಿಲ್ಲಿಸಿ, ತನ್ನದೇ ದನಿಯಲ್ಲಿ ಓದಿದಳು: “ನಮಸ್ಕಾರ. ಹೊಸ್ತಿಲು ಮಹಿಳಾ ಸಹಾಯವಾಣಿಗೆ ಸ್ವಾಗತ. ನೀವು ಒಂಟಿಯಲ್ಲ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಒಂದು ಒತ್ತಿ. ಕೆಲಸದ ಜಾಗದಲ್ಲಿ ಕಿರುಕುಳ ಇದ್ದರೆ ಎರಡು ಒತ್ತಿ.”

“ರೇಡಿಯೋದಾಗೆ ಬಂದಂಗೈತೆ ಕಣವ್ವ,” ಎಂದು ಮಹಾದೇವಿ ಮೂರು ಸಲ ಹಾಕಿಸಿಕೊಂಡು ಕೇಳಿದಳು.

ಹೊಸ ಏರ್ಪಾಡು ಬಂದ ಮೇಲೆ ಕೇಂದ್ರದ ಕಳೆಯೇ ಬದಲಾಯಿತು. ಇನ್ನಿಬ್ಬರು ಹೆಂಗಸರು ಕೆಲಸಕ್ಕೆ ಸೇರಿದರು. ಹಳೇ ನಂಬರಿನ ಸಿಮ್ಮೂ ಪೆಟ್ಟಿಗೆಯೊಳಗೆ ಕೂತಿತು. ಆ ನಂಬರು ಬಿಡುವಿಲ್ಲದಿದ್ದರೆ ಕರೆ ಇನ್ನೊಂದು ಸಿಮ್ಮಿಗೆ ಹಾರುತ್ತಿತ್ತು. ‘ಬಿಝಿ’ ಎಂಬ ದೂರು ನಿಂತೇಹೋಯಿತು. ಇಲ್ಲಿಂದ ಹೊರಗೆ ಮಾಡುವ ಕರೆಗಳು ನಾಲ್ಕರಲ್ಲಿ ಯಾವುದು ಖಾಲಿಯಿದೆಯೋ ಆ ಸಿಮ್ಮಿನಿಂದ ಹೋಗುತ್ತಿದ್ದವು. ಅದರ ಬಗ್ಗೆ ಯಾರಿಗೂ ಏನೂ ಅನ್ನಿಸಲಿಲ್ಲ.

ಆ ದಿನಗಳಲ್ಲಿ ಮಹಾದೇವಿ ಹೆಚ್ಚು ಹಚ್ಚಿಕೊಂಡದ್ದು ರುಕ್ಮವ್ವನನ್ನು. ಕುಷ್ಟಗಿ ಕಡೆಯ ಹೆಣ್ಣು, ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಗುಂಡಿ ಹಾಕುವ ಕೆಲಸ. ಗಂಡ ಭರಮಪ್ಪ ಅಲ್ಲೇ ಎರಕದ ಕಾರ್ಖಾನೆಯಲ್ಲಿದ್ದ. ಕುಡಿಯುವವನಲ್ಲ, ಕೂಗಾಡುವವನಲ್ಲ. ಸಂಜೆ ಬಾಗಿಲು ಹಾಕಿ, ಟೀವಿಯ ದನಿ ಜೋರು ಮಾಡಿ, ಹೊಡೆಯುತ್ತಿದ್ದ. ಬೆಳಿಗ್ಗೆ ತಾನೇ ಎಣ್ಣೆ ಹಚ್ಚುತ್ತಿದ್ದ. ದಿನಾ ಅವಳ ಫೋನು ತೆಗೆದು ಯಾರು ಯಾರಿಗೆ ಕರೆ ಹೋಗಿದೆ ನೋಡುತ್ತಿದ್ದ. ಒಮ್ಮೆ ‘ಟೇಲರ್ ಅಕ್ಕ’ನಿಗೆ ತಾನೇ ಮಾಡಿ ನೋಡಿದ್ದ. ಅದಿನ್ನೂ ಹಳೇ ಮೊಬೈಲಿನ ಕಾಲ. ಮಹಾದೇವಿ, “ಲೈನಿಂಗ್ ಆಕ್ಬೇಕಾ ಬ್ಯಾಡ್ವಾ ಕೇಳಣ್ಣ ನಿಮ್ಮೆಂಗಸ್ರುನ್ನ,” ಎಂದಿದ್ದಳು. ಅವನು ನಂಬಿದ್ದ.

ರುಕ್ಮವ್ವನ ಏಳು ವರ್ಷದ ಮಗಳು ಊರಿನಲ್ಲಿ ಅತ್ತೆಯ ಹತ್ತಿರವಿದ್ದಳು. ಮಗಳನ್ನು ಬಿಟ್ಟು ಮನೆ ಬಿಡಲು ರುಕ್ಮವ್ವ ಒಪ್ಪುತ್ತಿರಲಿಲ್ಲ. “ದಸರಾ ಸೂಟಿಗೆ ಆಕಿನ್ನ ಇಲ್ಲಿಗೆ ಕರಸ್ತೀನ್ರಿ ಅಕ್ಕಾರ. ಕೂಸು ಕೈಗೆ ಬಂತಂದ್ರ ನೀವು ಹೇಳಿದಲ್ಲಿ ಬರ್ತೀನಿ,” ಎಂದಿದ್ದಳು. ತಾಯಿ ಮಗಳಿಬ್ಬರಿಗೂ ಜಾಗ ಕೊಡುವ ಒಂದು ಹಾಸ್ಟೆಲ್ಲನ್ನು ಶಿವಲಿಂಗಮ್ಮ ಹುಡುಕಿದರು. ಜಾಗ ಸಿಕ್ಕಿತೆಂದು ಗೊತ್ತಾದ ದಿನ ಮಹಾದೇವಿ ಸಂಭ್ರಮದಿಂದ, ರುಕ್ಮವ್ವ ಹೇಳಿದ್ದ ಊಟದ ಹೊತ್ತಿಗೇ ಸರಿಯಾಗಿ, ಮೇಜಿನ ಫೋನಿನಿಂದ ಕರೆ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು.

ಅಂದು ಕಾರ್ಖಾನೆಯಲ್ಲಿ ಬಟ್ಟೆ ಬಂದಿರಲಿಲ್ಲವೆಂದು ಎಲ್ಲರನ್ನೂ ಬೆಳಿಗ್ಗೆಯೇ ಮನೆಗೆ ಕಳಿಸಿದ್ದರು. ರುಕ್ಮವ್ವ ವಠಾರದ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ರಾತ್ರಿ ಪಾಳಿಯ ಭರಮಪ್ಪ ಮನೆಯಲ್ಲಿದ್ದ. ಅವಳು ಒಳಗೆ ಬಿಟ್ಟಿದ್ದ ಫೋನಿನ ಮೇಲೆ ಅವನಿಗೆ ಕಂಡದ್ದು ‘ಟೇಲರ್ ಅಕ್ಕ’ ಅಲ್ಲ, ಹೆಸರಿಲ್ಲದ ಯಾವುದೋ ನಂಬರು. ಅವನು ವಾಪಸ್ ಮಾಡಿದ.

ಸ್ವಲ್ಪ ಹೊತ್ತಿಗೆ ಮಹಾದೇವಿಯ ಮೇಜಿನ ಫೋನು ಬಡಿದುಕೊಂಡಿತು. ಎತ್ತಿ ಎಂದಿನಂತೆ “ಹಲೋ” ಎಂದಳು. ಆ ಕಡೆ ಉಸಿರಾಟ. ಗಂಡಸಿನದು.

“ಯಾರ್ ಬೇಕಿತ್ತಣ್ಣ? ಬ್ಲೌಸಿಗೆ ಕೊಟ್ಟಿದ್ರಾ?”

ಬಹಳ ಮೆತ್ತಗೆ, “ಟೇಲರಮ್ಮಾರು ಅಲ್ಲೇನ್ರಿ?” ಎಂದಿತು ದನಿ.

“ಊಂ ಅಣ್ಣ.”

“ಒಂದ್ ಒತ್ತು ಅಂದ್ರು, ಒತ್ತಿದೆ ನೋಡ್ರಿ. ಬ್ಲೌಸು ಹೊಲ್ದಾತೇನು?”

ಫೋನು ಕಟ್ಟಾಯಿತು. ಆ ದನಿ ಭರಮಪ್ಪನದೆಂದು ಮಹಾದೇವಿಗೆ ಗುರುತು ಸಿಕ್ಕಿತು. ರಿಸೀವರ್ ಬಿಟ್ಟು ಶಿವಲಿಂಗಮ್ಮನವರ ಬಳಿಗೆ ಓಡಿದಳು.

ಶಿವಲಿಂಗಮ್ಮ ಪೊಲೀಸ್ ಸ್ಟೇಷನ್ನಿಗೆ ಹೋದರು. ಹೆಂಗಸು ದೂರು ಕೊಡದೆ ಗಂಡನ ಮನೆಯ ಬಾಗಿಲು ಬಡಿಯುವುದು ಹೇಗೆ ಎಂದು ಅಲ್ಲಿಯ ಪೊಲೀಸರು ಕೇಳಿದರು. ಒತ್ತಾಯಿಸಿದ ಮೇಲೆ ಒಬ್ಬ ಕಾನ್‌ಸ್ಟೇಬಲ್ ಜತೆಗೆ ಬಂದ. ಅವರು ವಠಾರ ಮುಟ್ಟುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು. ಮನೆಯೊಡತಿ, “ಮಧ್ಯಾನ ಟೀವಿ ಜೋರಾಗಿ ಹಾಕ್ಕೊಂಡಿದ್ರು. ಆಮೇಲೆ ಊರಲ್ಲಿ ಯಾರಿಗೋ ಉಷಾರಿಲ್ಲ ಅಂತ ಬ್ಯಾಗ್ ತಗೊಂಡು ಹೊರಟ್ರು. ಅವಮ್ಮ ಬಿಸ್ಲಲ್ಲೂ ಮೈತುಂಬಾ ಶಾಲು ಹೊದ್ದಿದ್ಲು,” ಎಂದಳು. ನಲ್ಲಿಯ ಹತ್ತಿರ ಅರ್ಧ ಒಗೆದ ಬಟ್ಟೆ ಬಕೆಟ್ಟಿನಲ್ಲಿ ಹಾಗೇ ಇತ್ತು.

ಸುದ್ದಿ ಕೇಳಿ ಯಾಮಿನಿ ಆಫೀಸಿನಿಂದ ಸೀದಾ ಬಂದಳು. ಪೆಟ್ಟಿಗೆಯೊಳಗಿನ ಕರೆಗಳ ದಾಖಲೆ ತೆರೆದು ನೋಡಿದಳು. ಮಹಾದೇವಿಯ ಕರೆ ಮೂರನೆಯ ಸಿಮ್ಮಿನಿಂದ ಹೋಗಿತ್ತು. ವಾಪಸ್ ಬಂದ ಕರೆ ಅದೇ ಸಿಮ್ಮಿಗೆ ಬಂದು, ಸಂದೇಶದ ಬಾಯಿಗೆ ಬಿದ್ದಿತ್ತು. ಅವನು ಅದನ್ನು ಕೊನೆಯವರೆಗೂ ಕೇಳಿ, ಇನ್ನೊಮ್ಮೆ ಕೇಳಿ, ಆಮೇಲೆ ಒಂದು ಒತ್ತಿದ್ದ.

“ಅವನಿಗೆ ಹೇಳಿದ್ದು ನನ್ನ ದನಿ,” ಎಂದಳು. “ಆಂಟಿ, ಇನ್ನೊಂದು ಬಾಕ್ಸ್ ಇತ್ತು. ವಾಪಸ್ ಬಂದ ಕಾಲು ಸೀದಾ ಮಹಾದೇವಕ್ಕನಿಗೇ ಬರೋ ಹಾಗೆ ಮಾಡೋದು. ಅಂಗಡಿಯವ್ರು ಬಾಯ್ಬಿಟ್ಟು ಹೇಳಿದ್ರು. ನಾನು ನಕ್ಕುಬಿಟ್ಟೆ.”

ಶಿವಲಿಂಗಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಂದೇಶ ಬರದಾಕಿ ನಾನು. ಸಹಾಯವಾಣಿ ಅಂತ ಮೊದಲನೇ ಮಾತಿಗೇ ಬರದೆ. ನನಗೂ ಹೊಳೀಲಿಲ್ಲಲ್ಲವ್ವ.”

“ನಾನೇನ್ ತಿಳ್ದು ಅಂಗ್ ಏಳ್ತಿದ್ನಾ?” ಎಂದಳು ಮಹಾದೇವಿ, ಗೋಡೆಗೆ ಒರಗಿಕೊಂಡು. “ಬಾಯಿಗೆ ಬತ್ತಿತ್ತು, ಏಳ್ತಿದ್ದೆ. ಮಿಷನ್ ಬಂದಾಗ ಅದುನ್ನ ಏಳ್ಕೊಡ್ಬೇಕು ಅಂತ ನಂಗೆಂಗ್ ಗೊತ್ತಾಯ್ತದೆ?”

ಯಾಮಿನಿ ಅಂದೇ ಸಂದೇಶ ಅಳಿಸಿದಳು. ಕರೆ ಬಂದರೆ ಬರೀ ಗಂಟೆ ಹೊಡೆಯುವಂತೆ, ಹೊರಗೆ ಹೋಗುವ ಕರೆಗಳೆಲ್ಲ ಹಳೇ ನಂಬರಿನಿಂದಲೇ ಹೋಗುವಂತೆ ಬದಲಾಯಿಸಿದಳು. ಆಗ ಹೊರಗೆ ಕರೆ ಮಾಡಲು ಆ ನಂಬರು ಬಿಡುವಾಗುವವರೆಗೆ ಮತ್ತೆ ಕಾಯಬೇಕಾಯಿತು. ಇತರ ಹೆಂಗಸರ ಕರೆಗಳು ಬರುತ್ತಲೇ ಇದ್ದವು, ಕೆಲವರಿಗೆ ಒಳ್ಳೆಯದೂ ಆಯಿತು. ರುಕ್ಮವ್ವನ ಫೋನು ಮಾತ್ರ ಸ್ವಿಚ್ ಆಫ್. ಯಾಮಿನಿ ಕಂಪನಿ ಬಸ್ಸಿನಲ್ಲಿ ಕೂತು ಹೊರಗೆ ನೋಡುತ್ತಿದ್ದರೆ ತನ್ನ ದನಿ ಒಂದು ಮುಚ್ಚಿದ ಕೋಣೆಯಲ್ಲಿ ಕೇಳಿಸುತ್ತಿರುವಂತೆ ಅನ್ನಿಸುತ್ತಿತ್ತು. ಮೀಟಿಂಗುಗಳಲ್ಲಿ ಮಾತು ಕಡಿಮೆ ಮಾಡಿದಳು. ಏನಾಯಿತೆಂದು ತಂದೆ ಕೇಳಿದರೂ ಪೂರ್ತಿ ಹೇಳಲಿಲ್ಲ. ರಿಪೇರಿಯ ಮಾತು ಆಡಿದ್ದಕ್ಕೆ ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆಂಬ ಭಯ ಅವಳಿಗೆ.

ದಸರಾ ಕಳೆದು, ದೀಪಾವಳಿಯೂ ಹತ್ತಿರ ಬಂದಾಗ, ಗಾರ್ಮೆಂಟ್ಸಿನ ವೆಲ್‌ಫೇರ್ ಆಫೀಸರು ಶಿವಲಿಂಗಮ್ಮನವರಿಗೆ ಗುಟ್ಟಾಗಿ ತಿಳಿಸಿದಳು: ಕೆಲಸ ಬಿಟ್ಟಿದ್ದಕ್ಕೆ ಸಹಿ ಹಾಕಿ ಬಾಕಿ ಸಂಬಳ ತೆಗೆದುಕೊಳ್ಳಲು ರುಕ್ಮವ್ವ ಬರುತ್ತಿದ್ದಾಳೆ. ಗಂಡನೂ ಜತೆಗಿದ್ದಾನೆ, ಆದರೆ ಗೇಟಿನೊಳಗೆ ಅವನನ್ನು ಬಿಡುವುದಿಲ್ಲ. ಶಿವಲಿಂಗಮ್ಮ ಮೊದಲೇ ಒಳಗೆ ಹೋಗಿ ಕೂರಬಹುದು.

ಮಹಾದೇವಿ ತಾನೂ ಬರುತ್ತೇನೆಂದು ಹಟ ಹಿಡಿದಳು. “ನೀ ಮಾತಾಡಿದ್ರ ಅಂವ ಗುರ್ತು ಹಿಡೀತಾನ,” ಎಂದು ಶಿವಲಿಂಗಮ್ಮ ಬಿಡಲಿಲ್ಲ. ಯಾಮಿನಿ, “ನಾನು ದೂರ ನಿಂತಿರ್ತೀನಿ. ಅವಳು ಬರ್ತೀನಿ ಅಂದ್ರೆ ಗಾಡಿ ಹಿಂದಿನ ಗೇಟಿಗೆ ತರೋಕಾದ್ರೂ ಯಾರಾದ್ರೂ ಬೇಕಲ್ವಾ?” ಎಂದಳು. “ಬಾ. ಆದ್ರ ಬಾಯಿ ತೆರೀಬ್ಯಾಡ,” ಎಂದರು ಅವರು.

ಗೇಟಿನ ಎದುರು ಚಹಾದ ಗಾಡಿಯಿತ್ತು. ಯಾಮಿನಿ ಶಿವಲಿಂಗಮ್ಮನವರನ್ನು ಒಳಗೆ ಕಳಿಸಿ, ತುಸು ದೂರದಲ್ಲಿ ತನ್ನ ಕಾರು ನಿಲ್ಲಿಸಿ, ಚಹಾದ ಗಾಡಿಯ ಹತ್ತಿರ ನಿಂತಳು. ಆಟೋ ಬಂತು. ಮೊದಲು ಇಳಿದವನು ಸಣ್ಣ ಮೈಕಟ್ಟಿನವನು, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ವಿಭೂತಿ. ಆಮೇಲೆ ಇಳಿದವಳನ್ನು ಯಾಮಿನಿ ಎಂದೂ ನೋಡಿರಲಿಲ್ಲ. ಕೆಂಪು ಸೀರೆ, ಬಲಗೈ ಮಡಚಿ ಎದೆಗೆ ಆನಿಸಿಕೊಂಡಿದ್ದಳು, ಮುಂಗೈ ಒಂದು ಥರಾ ಸೊಟ್ಟಗಿತ್ತು. ಅವನು ಅವಳ ಸೆರಗು ಸರಿಮಾಡಿ ಏನೋ ಹೇಳಿದ. ಅವಳು ತಲೆಯಾಡಿಸಿ ಒಳಗೆ ಹೋದಳು.

ಭರಮಪ್ಪ ಚಹಾ ತೆಗೆದುಕೊಂಡು ಯಾಮಿನಿಯ ಪಕ್ಕದಲ್ಲೇ ನಿಂತ. ಗೇಟಿನಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಡಪಡಿಸಿ ಇವಳ ಕಡೆ ತಿರುಗಿದ.

“ಮೇಡಂ, ಟೈಮ್ ಎಷ್ಟಾತ್ರಿ?”

ಯಾಮಿನಿ ಫೋನಿನ ಪರದೆಯನ್ನು ಅವನ ಮುಂದೆ ಹಿಡಿದಳು. ಅವನು ನೋಡಿ, ಮತ್ತೆ ಅವಳ ಮುಖ ನೋಡಿದ.

“ಯಾರರ ಒಳಗ ಅದಾರೇನ್ರಿ ನಿಮ್ಮವ್ರು?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾತು ಬರುವುದಿಲ್ಲವೆಂಬಂತೆ ಗಂಟಲಿಗೆ ಬೆರಳು ತೋರಿಸಿದಳು. ಅವನ ಮುಖ ಮೆತ್ತಗಾಯಿತು. “ತಪ್ಪ ತಿಳೀಬ್ಯಾಡ್ರಿ ತಂಗಿ,” ಎಂದು ಕೈ ಮುಗಿದು, ಚಹಾದವನಿಗೆ, “ಇವ್ರದೂ ನಾನಾ ಕೊಡ್ತೀನಿ,” ಎಂದ. ಆ ಕರುಣೆ ಅವಳಿಗೆ ಹೊಡೆತಕ್ಕಿಂತ ಹೆಚ್ಚಾಗಿ ತಾಗಿತು. ಬಾಯಿ ತೆರೆದು ಕಿರುಚಬೇಕೆನಿಸಿತು. ಕಿರುಚಿದರೆ ಆ ದನಿ ಯಾರದೆಂದು ಅವನಿಗೆ ಗೊತ್ತಾಗುತ್ತಿತ್ತು. ಅದರ ಬೆಲೆ ತೆರಬೇಕಾದವಳು ಒಳಗಿದ್ದಳು.

ಹಿಂದಿನ ಗೇಟಿಗೆ ಗಾಡಿ ತಾ ಎಂದು ಶಿವಲಿಂಗಮ್ಮನವರಿಂದ ಮೆಸೇಜು ಬರಲೆಂದು ಅವಳು ಕಾದಳು. ಬರಲಿಲ್ಲ. ರುಕ್ಮವ್ವ ಹೋದ ದಾರಿಯಿಂದಲೇ ಹೊರಗೆ ಬಂದಳು. ಭರಮಪ್ಪ ಓಡಿಹೋಗಿ ಅವಳ ಕೈಯಲ್ಲಿದ್ದ ಕವರು ತೆಗೆದುಕೊಂಡ, ಆಟೋ ಹತ್ತಿಸಿದ. ಆಟೋ ಹೊಸೂರು ರಸ್ತೆಯ ಲಾರಿಗಳ ನಡುವೆ ಸೇರಿಹೋಯಿತು.

ಶಿವಲಿಂಗಮ್ಮ ಹೊರಗೆ ಬಂದು ಕಾರಿನಲ್ಲಿ ಕೂತರು.

“ಕೂಸು ಊರಾಗ ಐತಂತ. ತಾ ವಾಪಸ್ ಹೋಗ್ಲಿಲ್ಲಂದ್ರ ಅದನ್ನ ಶಾಲಿ ಬಿಡಿಸಿ ಎಲ್ಲೋ ಕೆಲಸಕ್ಕ ಹಚ್ಚತಾರಂತ. ಕಾಲು ಹಿಡ್ದೆ ಯಾಮಿನಿ, ನಾ ಆಕಿ ಕಾಲು ಹಿಡ್ದೆ. ಕೂಸನ್ನ ಕೋರ್ಟಿಂದ ತರಸೋಣು ಅಂದೆ. ‘ಅಕ್ಕಾರ, ಇನ್ನ ನನಗ ಯಾರೂ ಫೋನ್ ಮಾಡಬ್ಯಾಡ್ರಿ’ ಅಂದ್ಲು.”

“ನಮ್ಮಿಂದ ಆದ ತಪ್ಪು ಅಂತ ಹೇಳಿದ್ರಾ?”

“ಹೇಳ್ದೆ. ಟೇಲರ್ ಅಕ್ಕನೇ ತನಗ ಎಲ್ಲಾ ಹೇಳಿಬಿಟ್ಲು ಅಂತ ಅಂವ ಆಕಿ ತಲ್ಯಾಗ ತುಂಬ್ಯಾನ. ಅಕ್ಕ ಅಲ್ಲವ್ವ, ಮಷೀನು ಹೇಳಿದ್ದು ಅಂದೆ. ನನ್ನ ಮಾರಿ ನೋಡಿ, ‘ಮಷೀನು ಹೆಂಗ ಹೇಳ್ತೈತ್ರಿ? ಮಂದಿ ಹೇಳ್ತಾರ’ ಅಂದ್ಲು.”

ಕೇಂದ್ರದ ಮೆಟ್ಟಿಲ ಮೇಲೆ ಮಹಾದೇವಿ ಕಾಯುತ್ತಾ ಕೂತಿದ್ದಳು. ಇಬ್ಬರೇ ಬಂದದ್ದು ಕಂಡು ಎದ್ದು ನಿಂತಳು.

“ಬರ್ಲಿಲ್ವಾ?”

“ಇಲ್ಲ. ಮಗಳ ಹತ್ರ ಹೋದ್ಲು,” ಎಂದಳು ಯಾಮಿನಿ.

“ನನ್ ಮಾತೇನಾರ ಎತ್ತುದ್ಲಾ ಅಮ್ಮಾರೆ?”

ಶಿವಲಿಂಗಮ್ಮ ಒಂದು ಕ್ಷಣ ಯಾಮಿನಿಯ ಕಡೆ ನೋಡಿದರು. “ಎತ್ತಿದ್ಲು. ಟೇಲರ್ ಅಕ್ಕಾರು ಆರಾಮದಾರೇನು ಅಂತ ಕೇಳಿದ್ಲು,” ಎಂದರು.

ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಒಳ್ಳೆ ಹೆಣ್ಣು ಪಾಪ,” ಎಂದಳು. ಯಾಮಿನಿ ಅಲ್ಲಿ ನಿಲ್ಲಲಾರದೆ, ಚಪ್ಪಲಿಯನ್ನೂ ಬಿಡದೆ ಒಳಗೆ ಹೋದಳು.